ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

"ಏಯ್ ತಾಲಿಬಾನ್, ತಲೆ ಮೇಲಿನ ಟವಲ್ ತೆಗೆಯೋ. ಏನದು ಅದರೊಳಗೆ? ಬಾಂಬಾ?"

ಕೇಳಿದವನು ಮ್ಯಾನೇಜರ್ ರಾಜಗೋಪಾಲ. ತನ್ನ ಮಾತಿಗೆ ತಾನೇ ನಕ್ಕ. ಕಲ್ಲು ನೋಡಲು ಜೊತೆಗೆ ಬಂದಿದ್ದ ಗಿರಾಕಿಗಳೂ ನಕ್ಕರು. ಮಸ್ಕತ್ತಿನ ಹೊರವಲಯದ ರುಸೈಲಿನ ಕಲ್ಲು ಕೊಯ್ಯುವ ಕಾರ್ಖಾನೆಯ ಹಿತ್ತಲಲ್ಲಿ, ಆಳೆತ್ತರದ ಅಮೃತಶಿಲೆಯ ದಿಮ್ಮಿಗಳ ಸಂದಿಯಲ್ಲಿ, ಟೇಪ್ ರೆಕಾರ್ಡರನ್ನು ಕಿವಿಗೆ ಅವಚಿಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದ ಜರ್ವಲಿ ಟವಲು ತೆಗೆದ. ಅವನಿಗೆ ನಗು ಬರಲಿಲ್ಲ. ತಾಯಿ ಸತ್ತ ಸುದ್ದಿ ಕೇಳಿ ಇನ್ನೂ ಐದು ನಿಮಿಷ ಆಗಿರಲಿಲ್ಲ.

ತಾಲಿಬಾನ್ ಎಂಬ ಹೆಸರಿಗೆ ಅವನು ಹೆಚ್ಚುಕಡಿಮೆ ಒಗ್ಗಿಹೋಗಿದ್ದ. ಯುದ್ಧಕ್ಕೆ ಮನೆಗೊಬ್ಬ ಗಂಡಸು ಬೇಕು ಅಂತ ಬಂದು ಅವನ ಅಣ್ಣನನ್ನು ಎಳೆದೊಯ್ದವರು ಅವರೇ. ಅಣ್ಣ ಮರಳಲಿಲ್ಲ. ಮುಂದಿನ ಸರದಿ ತನ್ನದೆಂದು ತಿಳಿದು, ಕಂದಹಾರದ ಹತ್ತಿರದ ದಾಳಿಂಬೆ ತೋಟ ಬಿಟ್ಟು ಓಡಿದವನು ಇವನು. ಓಡಿಸಿದವರ ಹೆಸರನ್ನೇ ಓಡಿದವನಿಗೆ ಇಟ್ಟು ಕರೆಯುತ್ತಾರಲ್ಲ, ಇವರಿಗೆ ಏನು ಹೇಳುವುದು!

ಆರು ವರ್ಷದಿಂದ ಅವನು ಕುಂದಾಪುರದ ಕಡೆಯ ಏಳು ಮಂದಿಯ ಜೊತೆ ಒಂದೇ ಕೋಣೆಯಲ್ಲಿದ್ದ. ಪಕ್ಕದ ಮಂಚದ ಕೊಗ್ಗ ಕಲಿಸಿದ ಕನ್ನಡವೇ ಅವನ ಬಾಯಲ್ಲಿ. ಹೋದ ವರ್ಷದ ರಾಜ್ಯೋತ್ಸವಕ್ಕೆ ಇದೇ ರಾಜಗೋಪಾಲ ಅವನನ್ನು ವೇದಿಕೆಗೆ ಹತ್ತಿಸಿ, "ನೋಡಿ, ಪಠಾಣನ ಬಾಯಲ್ಲೂ ನಮ್ಮ ಕನ್ನಡಮ್ಮ" ಅಂತ ಶಾಲು ಹೊದಿಸಿದ್ದ. ಶ್ರೀಮಂತರ ಬಡಾವಣೆ ಮದೀನತ್ ಸುಲ್ತಾನ್ ಖಾಬೂಸಿನ ಹೆಂಗಸರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಈ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಗೋಪುರಗಳು ಉರುಳಿದ ಮೇಲೆ ಅದೇ ಬಾಯಿಂದ ತಾಲಿಬಾನ್.

ಕ್ಯಾಸೆಟ್ಟು ಹಿಂದಿನ ದಿನ ಬಂದಿತ್ತು. ಊರಿನ ಕಡೆ ಓದುಬರಹ ಬಾರದವರು ಕ್ಯಾಸೆಟ್ಟಿನಲ್ಲೇ ಕಾಗದ ಬರೆಯುತ್ತಾರೆ, ಅಂದರೆ ಮಾತಾಡಿ ತುಂಬಿಸಿ ಕಳಿಸುತ್ತಾರೆ. ತಾಲಿಬಾನಿನವರ ಕೈಗೆ ಸಿಕ್ಕರೆ ರೀಲು ಕಿತ್ತು ಕಂಬಕ್ಕೆ ಸುತ್ತುತ್ತಾರೆ, ತಂದವನಿಗೆ ಕೇಬಲ್ಲಿನ ಏಟು. ಹಾಗಾಗಿ ಇದು ದಾಳಿಂಬೆ ಪೆಟ್ಟಿಗೆಯ ತಳದಲ್ಲಿ ಗಡಿ ದಾಟಿ, ಕರಾಚಿಯಿಂದ ಯಾರದೋ ಚೀಲದಲ್ಲಿ ಮಸ್ಕತ್ತಿಗೆ ಬಂದಿತ್ತು. ಕೊಗ್ಗ ತನ್ನ ಟೇಪ್ ರೆಕಾರ್ಡರ್ ಕೊಟ್ಟ. ಆದರೆ ಹೆಂಡತಿಯ ದನಿಯನ್ನು ಬೇರೆ ಗಂಡಸರು ಕೇಳಬಾರದು. ಎಂಟು ಮಂಚದ ಕೋಣೆಯಲ್ಲಿ ಒಬ್ಬನೇ ಇರುವುದು ಎಲ್ಲಿಂದ ಬಂತು? ರಾತ್ರಿಯಿಡೀ ಎದೆಯ ಮೇಲಿಟ್ಟುಕೊಂಡು, ಮಧ್ಯಾಹ್ನ ಊಟದ ಬಿಡುವಿಗೆ ಕಲ್ಲಿನ ಸಂದಿಗೆ ಬಂದಿದ್ದ.

ಮೊದಲ ಮಗ್ಗುಲಲ್ಲಿ ಅವಳು ಅತ್ತಿರಲಿಲ್ಲ. ಅಮೆರಿಕದ ವಿಮಾನ ಬಂತು, ಒಲೆಯ ಮುಂದೆ ಕೂತಿದ್ದ ಅತ್ತೆ ಕೂತಲ್ಲೇ ಹೋದರು, ಮಣ್ಣು ಮಾಡಲು ಮನೆಯಲ್ಲಿ ಗಂಡಸಿರಲಿಲ್ಲ, ನಾನೇ ಅಗೆದೆ, ಅಂದಿದ್ದಳು. ಮಕ್ಕಳಿಬ್ಬರನ್ನೂ ಕರೆದುಕೊಂಡು ಹೊರಡುತ್ತಿದ್ದೇನೆ, ಎಲ್ಲಿಗೆಂದು ಆ ಕಡೆ ಹೇಳುತ್ತೇನೆ ಅಂದಿದ್ದಳು. ಜರ್ವಲಿ ಮಗ್ಗುಲು ತಿರುಗಿಸಿ ಹಾಕಿದ್ದನಷ್ಟೇ, ರಾಜಗೋಪಾಲನ ನೆರಳು ಮೈಮೇಲೆ ಬಿತ್ತು.

"ಕೊಡಯ್ಯ ಇಲ್ಲಿ."

"ಸಾರ್, ಅದ್ ನನ್ ಹೆಂಡ್ತಿ ದನಿ. ಬ್ಯಾರೆ ಗಂಡಸ್ರ್ ಕೇಂಬುಕಾಗ."

"ಹೆಂಡ್ತಿ! ಕದ್ದು ಕೂತ್ಕೊಂಡು ಕೇಳೋಕೆ ಹೆಂಡ್ತಿನೇನೋ? ನಿಮ್ಮ ಮುಲ್ಲಾ ಭಾಷಣ ತಾನೆ? ಜಗತ್ತೇ ಹೊತ್ಕೊಂಡು ಉರೀತಿದೆ. ನಾಳೆ ಪೊಲೀಸ್ನೋರು ಬಂದ್ರೆ ಕಂಪನಿ ಯಜಮಾನ ಕಫೀಲ್ ನನ್ನ ಕೊರಳಪಟ್ಟಿ ಹಿಡೀತಾನೆ."

"ಎಲ್ಲಿಗ್ ಹೋಯಿರ್ ಅಂದೇಳಿ ಅದ್ರಗಿತ್ತ್ ಸಾರ್. ನಂಗೊಂದ್ಸಲ ಕೇಂಬುಕ್ ಬಿಡಿ. ಮತ್ತೆ ಎಂತ ಬೇಕಾರೂ ಮಾಡಿ."

"ಬಿಡ್ತೀನಿ. ಎಲ್ಲರೂ ಒಟ್ಟಿಗೇ ಕೇಳೋಣ. ನಿನ್ನ ಪಾಸ್‌ಪೋರ್ಟಲ್ಲಿರೋ ಪಾಕಿಸ್ತಾನದ ಹೆಸರು ಯಾವನದು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ನಡಿ, ಯಲ್ಲಾ."

ಸುಳ್ಳು ಹೆಸರಿನ ಆ ಪಾಸ್‌ಪೋರ್ಟು ರಾಜಗೋಪಾಲನ ಮೇಜಿನ ಡ್ರಾಯರಿನಲ್ಲಿತ್ತು. ಮೂರು ವರ್ಷದಿಂದ ರಜೆ ಕೇಳಿದಾಗೆಲ್ಲ ಅವನು ಡ್ರಾಯರನ್ನು ಒಮ್ಮೆ ತಟ್ಟುತ್ತಿದ್ದ, ಅಷ್ಟೆ. ಜರ್ವಲಿ ತೆಪ್ಪಗೆ ಕೆಲಸಕ್ಕೆ ಮರಳುತ್ತಿದ್ದ. ಇವತ್ತೂ ತೆಪ್ಪಗೆ ಅವನ ಬೆನ್ನ ಹಿಂದೆ ನಡೆದ.

ಆಫೀಸಿನಲ್ಲಿ ದೊಡ್ಡದೊಂದು ಸ್ಟೀರಿಯೋ ಇತ್ತು. ಬೆಳಿಗ್ಗೆ ರಾಜಗೋಪಾಲ ಅದರಲ್ಲಿ ದೇವರನಾಮ ಹಾಕುತ್ತಿದ್ದ. ಜರ್ವಲಿಯ ಪುಷ್ತು ಭಾಷೆ ಬಲ್ಲವನು ಬೇಕಲ್ಲ, ನೀರಿನ ಟ್ಯಾಂಕರ್ ಓಡಿಸುವ ಪೇಷಾವರದವನನ್ನು ಊಟದಿಂದ ಎಬ್ಬಿಸಿ ತಂದು ನಿಲ್ಲಿಸಿದರು. ಗಿರಾಕಿಗಳು ಸೋಫಾದಲ್ಲಿ ಕೂತರು. ಅವರಿಗೆ ಚಹಾ ಬಂತು. ಹೆಂಡತಿಯನ್ನು ಸಂತೆಯಲ್ಲಿ ನಿಲ್ಲಿಸಿದ ಹಾಗಾಯಿತು ಜರ್ವಲಿಗೆ. ಅವಳ ಮುಖವನ್ನು ಅವನ ಅಕ್ಕಂದಿರ ಗಂಡಂದಿರೇ ನೋಡಿದವರಲ್ಲ.

ಕೊಗ್ಗ ಕಿಟಕಿಯ ಹೊರಗೆ ನಿಂತಿದ್ದ. ಕೈಯಲ್ಲಿ ಅನ್ನ ಅಂಟಿಕೊಂಡಿತ್ತು.

"ಹ್ವಾಯ್ ಸಾರ್, ಅವ್ನ್ ಹೆಂಡ್ತಿ ಅವ್ನ್ ಹತ್ರ ಮಾತಾಡೂದ್ ಕೇಂಬುಕೆ ನಿಮ್ಗೆಂತ ಚಟ?"

"ಕೊಗ್ಗ, ನಿನ್ನ ಕೆಲಸ ನೀನು ನೋಡ್ಕೊ. ಇಲ್ದಿದ್ರೆ ನಿನ್ನದೂ ಖಲಾಸ್."

ರಾಜಗೋಪಾಲ ಕ್ಯಾಸೆಟ್ಟನ್ನು ಸ್ಟೀರಿಯೋಗೆ ತುರುಕಿ ಗುಂಡಿ ಒತ್ತಿದ. ಕರಕರ ಸದ್ದು. ಯಾವುದೋ ಮಗು ಕೆಮ್ಮಿತು. ಆಮೇಲೆ ಅವಳು ಉಸಿರೆಳೆದುಕೊಂಡದ್ದು ಕೋಣೆ ತುಂಬ ಕೇಳಿಸಿತು. ರಾಜಗೋಪಾಲ ದನಿ ಇನ್ನಷ್ಟು ಏರಿಸಿದ.

"ಈ ಸೂಳಿಮಗಂಗೆ ಅಕ್ಕತಂಗಿ ಇಲ್ಯಾ?" ಅಂದ ಕೊಗ್ಗ. ತಿರುಗಿ ಅಂಗಳದತ್ತ ಕೂಗಿದ. "ಮಿಷನ್ ಹಾಕಿ. ಎಲ್ಲಾ ಹಾಕಿ. ನೀರ್ ಬಿಡೂದ್ ಬ್ಯಾಡ."

ಕಲ್ಲು ಕೊಯ್ಯುವ ಚಕ್ರಕ್ಕೆ ನೀರು ಬಿಡದಿದ್ದರೆ ಬ್ಲೇಡು ಸುಟ್ಟುಹೋಗುತ್ತದೆ, ಸದ್ದೂ ಕಿವಿ ಹರಿಯುವಷ್ಟು. ಮೊದಲು ಒಂದು ಚಕ್ರ ಅರಚಿತು, ಹಿಂದೆಯೇ ಮತ್ತೊಂದು, ಕೊನೆಗೆ ಆರಕ್ಕೆ ಆರೂ. ಕಿಟಕಿಯ ಗಾಜು ನಡುಗಿತು, ಚಹಾದ ಲೋಟ ತಟ್ಟೆಯ ಮೇಲೆ ಕುಣಿಯಿತು. ಗಿರಾಕಿಗಳು ಕಿವಿ ಮುಚ್ಚಿಕೊಂಡರು. ರಾಜಗೋಪಾಲ ಬಾಯಿ ತೆರೆದು ಮುಚ್ಚುತ್ತಿದ್ದ, ಬೈಗುಳವೆಂದು ತುಟಿ ನೋಡಿದರೆ ಗೊತ್ತಾಗುತ್ತಿತ್ತು.

ಜರ್ವಲಿ ಸ್ಪೀಕರಿನ ಮುಂದೆ ಮಂಡಿಯೂರಿ ಕಿವಿಯನ್ನು ಅದರ ಜಾಲರಿಗೆ ಒತ್ತಿ ಹಿಡಿದ. ಕಾರ್ಖಾನೆಯ ಅಷ್ಟು ಗಲಾಟೆಯ ನಡುವೆ ಅವಳ ದನಿ ಅವನೊಬ್ಬನಿಗೇ ಕೇಳಿಸಿತು. ಪಾಕಿಸ್ತಾನದ ಚಮನ್ ಗಡಿಯ ನಿರಾಶ್ರಿತರ ಡೇರೆಗಳಿಗೆ ಹೋಗುತ್ತಿದ್ದೇವೆ ಅಂದಳು. ಅಲ್ಲಿ ಲಕ್ಷ ಜನ ಇದ್ದಾರಂತೆ. ನಿನ್ನ ಹೆಸರು ಬರೆಸುವುದಿಲ್ಲ, ಗಂಡಸಿನ ಹೆಸರು ಕಂಡರೆ ತಾಲಿಬಾನಿನವರೂ ಹುಡುಕಿಕೊಂಡು ಬರುತ್ತಾರೆ, ಅಮೆರಿಕದವರೂ ಬರುತ್ತಾರೆ. ನನ್ನ ಹೆಸರನ್ನೇ ಬರೆಸುತ್ತೇನೆ. ನಾಚಿಕೆ ಪಡಬೇಡ. ಬಂದರೆ ನನ್ನ ಹೆಸರು ಹೇಳಿ ಕೇಳು, ಅಂದಳು.

ರಾಜಗೋಪಾಲ ಅವನ ಅಂಗಿ ಹಿಡಿದು ಜಗ್ಗಿದ. ಅಂಗಿ ಹರಿಯಿತೇ ಹೊರತು ಕಿವಿ ಏಳಲಿಲ್ಲ. ಕೊನೆಗೆ ರಾಜಗೋಪಾಲನೇ ಓಡಿಹೋಗಿ ಮೇನ್ ಸ್ವಿಚ್ಚು ಕೆಳಗೆ ಎಳೆದ. ಚಕ್ರಗಳು ನರಳುತ್ತ ನಿಂತವು. ಸ್ಟೀರಿಯೋ ಕೂಡ ನಿಂತಿತು. ಅವಳು ಇನ್ನೇನೋ ಹೇಳುವುದಿತ್ತು.

"ಏನಂದ್ಲೋ?" ರಾಜಗೋಪಾಲ ಟ್ಯಾಂಕರಿನವನ ಕಡೆ ತಿರುಗಿದ. ಅವನು ಆಗಲೇ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನೂ ಪಠಾಣನೇ. "ನನಗೆ ಏನೂ ಕೇಳಿಸಲಿಲ್ಲ ಸಾಬ್," ಅಂದ, ಗೋಡೆಗೇ.

"ನೀನು ಹೇಳೋ ತಾಲಿಬಾನ್. ಯಾರದು? ಹೆಸರೇನು? ರಿಪೋರ್ಟ್ ಬರೀಬೇಕು ನಾನು."

ಜರ್ವಲಿ ಎದ್ದ. ಅವನ ಊರಿನಲ್ಲಿ ಗಂಡಸು ಹೆಂಡತಿಯ ಹೆಸರನ್ನು ಇನ್ನೊಬ್ಬ ಗಂಡಸಿನೆದುರು ಎತ್ತುವುದಿಲ್ಲ. ಸತ್ತರೆ ಗೋರಿಯ ಮೇಲೂ ಬರೆಯುವುದಿಲ್ಲ. ಆರು ವರ್ಷ ಒಟ್ಟಿಗೆ ಉಂಡ ಕೊಗ್ಗನಿಗೂ ಅವನು ಹೇಳಿರಲಿಲ್ಲ. ಕಿವಿಯ ತುದಿಯವರೆಗೆ ನಾಚಿಕೆ ಉರಿಯಿತು. ಆದರೆ ಇವತ್ತು ಇಷ್ಟು ಜನರೆದುರು ಬಾಯಿಗೆ ಬರದ್ದು ನಾಳೆ ಲಕ್ಷ ಜನರ ನಡುವೆ ಎಲ್ಲಿಂದ ಬರಬೇಕು?

"ಬರ್ಕಣಿ," ಅಂದ. "ಶಾಪೇರೈ."

"ಏನು?"

"ಶಾಪೇರೈ. ನನ್ ಹೆಂಡ್ತಿ. ಅವ್ವಿನ್ ಅವ್ಳೇ ಮಣ್ಣ್ ಮಾಡಿದ್ಲ್. ಅದನ್ನೂ ಬರ್ಕಣಿ." ಮೇಜು ಬಳಸಿ ಬಂದು ಡ್ರಾಯರಿನ ಹಿಡಿಕೆಗೆ ಕೈ ಹಾಕಿದ. "ಪಾಸ್‌ಪೋರ್ಟ್ ಕೊಡಿ. ನಂಗ್ ಹೋಯ್ಕ್."

"ಕೈ ತೆಗಿ. ಪೊಲೀಸ್ ಕರೀತೀನಿ."

"ಕರೀರಿ."

ರಾಜಗೋಪಾಲ ಫೋನೆತ್ತಿ ನಂಬರು ಒತ್ತತೊಡಗಿದ. ಜರ್ವಲಿ ಡ್ರಾಯರನ್ನು ಜಗ್ಗಿದ. ಬೀಗ ಹಾಕಿತ್ತು. ಇನ್ನೊಮ್ಮೆ ಜಗ್ಗಿದ. ಜಗ್ಗಿದ ಪ್ರತಿ ಸಲವೂ ಅವಳ ಹೆಸರು ಹೇಳಿದ, ಒಂದಕ್ಕಿಂತ ಒಂದು ಗಟ್ಟಿಯಾಗಿ. ಕಿಟಕಿಯ ಹೊರಗೆ ಬಿಳಿ ಧೂಳು ಮೆತ್ತಿದ ಗಂಡಸರೆಲ್ಲ ಬಂದು ಸೇರಿದ್ದರು. ಅವರು ತಲೆ ತಗ್ಗಿಸಿ ಆ ಹೆಸರು ಕೇಳುತ್ತ ನಿಂತರು.