ಹುಲ್ಲಿನ ಗಾಡಿಯ ಸೀಟು

ಆರು ವರ್ಷ ನೆಲ ನೋಡಿಕೊಂಡೇ ದುಡಿದ ಸೌಮ್ಯಳಿಗೆ, ಬೆನ್ನು ನೆಟ್ಟಗಿಟ್ಟುಕೊಂಡೂ ಕೂಲಿ ಮಾಡಬಹುದು ಎಂದು ಗೊತ್ತಾದದ್ದು ಹುಲ್ಲಿನ ಗಾಡಿ ಬಂದ ಮೇಲೆ. ಕುಶಾಲನಗರದಿಂದ ಆಚೆ, ಹೊಳೆಯ ದಂಡೆಯಲ್ಲಿದ್ದ ಆ ರೆಸಾರ್ಟಿನಲ್ಲಿ ನಾಲ್ಕು ಎಕರೆ ಲಾನ್ ಇತ್ತು. ಅಷ್ಟು ಜಾಗದಲ್ಲಿ ರಾಗಿ ಬಿತ್ತಿದ್ದರೆ ಹತ್ತು ಮನೆ ಉಣ್ಣುತ್ತಿದ್ದವು. ಇಲ್ಲಿ ಬೆಳೆದದ್ದನ್ನು ವಾರಕ್ಕೆರಡು ಸಲ ಕತ್ತರಿಸಿ ಗುಂಡಿಗೆ ಸುರಿಯುತ್ತಿದ್ದರು. ಸೌಮ್ಯ ಮತ್ತು ಇನ್ನೂ ಆರು ಜನ ಹೆಂಗಸರು ಆ ಲಾನಿನೊಳಗೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಸಂಜೆ ಎದ್ದು ನಿಂತಾಗ ಸೊಂಟ ಯಾರದೋ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ ಗಾಡಿ ಬಂತು. ಪೆಟ್ರೋಲಿನಲ್ಲಿ ಓಡುವ, ಮೇಲೆ ಕೂತು ಸ್ಟಿಯರಿಂಗ್ ತಿರುಗಿಸುತ್ತ ಹುಲ್ಲು ಕತ್ತರಿಸುವ ಕೆಂಪು ಗಾಡಿ. ಅದರ ಜೊತೆ ಬಂದ ಮೆಕ್ಯಾನಿಕ್ ಎರಡು ದಿನ ಪಾಠ ಹೇಳಿದ. ಕಳೆ ಕತ್ತರಿಸುವ ಮೆಷಿನ್ನು ಹೆಗಲಿಗೇರಿಸಿ ತಿರುಗುವ ಮಹೇಶ, 'ಹುಲ್ಲು ಕುಯ್ಯಕ್ಕೂ ಇಸ್ಕೂಲಾ?' ಎಂದು ಗಂಡಸರನ್ನೆಲ್ಲ ಕರೆದುಕೊಂಡು ಟೀ ಕುಡಿಯಲು ಹೋದ. ಪಾಠ ಕೇಳಿದವಳು, ಪಕ್ಕದಲ್ಲೇ ಕಳೆ ಕೀಳುತ್ತಿದ್ದ ಸೌಮ್ಯ ಒಬ್ಬಳೇ. ಮೂರನೆಯ ದಿನ ಗಾಡಿ ಲಾನಿನ ನಟ್ಟನಡುವೆ ನಿಂತಿತು. ಗಂಡಸರು ಒದ್ದರು, ಬೈದರು. ಕೊನೆಗೆ ಸೌಮ್ಯ ಕೀ ತೆಗೆಸಿ, ಪ್ಲಗ್ಗಿನ ವೈರು ಕಳಚಿ, ಬ್ಲೇಡಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹುಲ್ಲಿನ ಮುದ್ದೆಯನ್ನು ಕೋಲಿನಿಂದ ಕೆರೆದು ತೆಗೆದಳು. ಮ್ಯಾನೇಜರಿಗೆ ಲಾನ್ ಮುಗಿದರೆ ಸಾಕಾಗಿತ್ತು. ಕೀ ಅವಳ ಕೈಗೇ ಬಂತು.

ಅವತ್ತಿನಿಂದ ಅವಳು ಬಗ್ಗಲಿಲ್ಲ. ಅದು ಎಂಥ ಸುಖ ಎಂಬುದನ್ನು ಬಗ್ಗಿ ದುಡಿಯದವರಿಗೆ ಹೇಳಿ ತಿಳಿಸಲಾಗದು. ಗಾಡಿಯ ಸೀಟಿನಲ್ಲಿ ಕೂತರೆ ಹೊಳೆ ಕಾಣುತ್ತಿತ್ತು, ಆಚೆ ದಡದ ಬಿದಿರು ಕಾಣುತ್ತಿತ್ತು, ಮಾತಾಡುವವರ ಮುಖ ಕಾಣುತ್ತಿತ್ತು. ಆರು ವರ್ಷ ಅವಳಿಗೆ ಕಂಡದ್ದು ಜನರ ಚಪ್ಪಲಿ ಮಾತ್ರ.

ಆ ಸೀಟು ಉಳಿಸಿಕೊಳ್ಳಲಿಕ್ಕೆ ಅವಳು ಒಂದು ತಪ್ಪೂ ಆಗದಂತೆ ನಡೆದುಕೊಂಡಳು. ಹತ್ತುವ ಮುಂಚೆ ಆಯಿಲ್ ಕಡ್ಡಿ ಎಳೆದು ನೋಡುವಳು. ಇಂಜಿನ್ನಿನ ಸುತ್ತ, ಸೈಲೆನ್ಸರಿನ ಸುತ್ತ ಕೂತ ಒಣ ಹುಲ್ಲನ್ನು ಬ್ರಷ್ಷಿನಲ್ಲಿ ಗುಡಿಸುವಳು. ಪೆಟ್ರೋಲ್ ಹಾಕುವಾಗಂತೂ ಮಡಿ ಅಡುಗೆಯವರೂ ಅಷ್ಟು ಕಟ್ಟುನಿಟ್ಟಿಲ್ಲ. ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ತಂದು, ಇಂಜಿನ್ ನಿಲ್ಲಿಸಿ, ಇಪ್ಪತ್ತು ನಿಮಿಷ ಆರಲು ಬಿಡುವಳು. ಬಿಸಿಗೆ ಪೆಟ್ರೋಲ್ ಉಬ್ಬುತ್ತದೆಂದು ಟ್ಯಾಂಕಿನ ಬಾಯಿಗೆ ಎರಡು ಬೆರಳು ಖಾಲಿ ಇಡುವಳು. ಹನಿ ಚೆಲ್ಲಿದರೆ ಒರೆಸಿ, ವಾಸನೆ ಹೋಗುವ ತನಕ ಕೀ ತಿರುಗಿಸಳು. ಹತ್ತಿರ ಬೀಡಿ ಹಚ್ಚಿದವರು ಯಾರಾದರೂ ಸರಿ, ಎಬ್ಬಿಸಿ ಕಳಿಸುವಳು. ಶೆಡ್ಡಿನ ಗೋಡೆಗೆ ಬೆಂಕಿ ಆರಿಸುವ ಸಿಲಿಂಡರ್ ಹಾಕಿಸಿದ್ದೂ ಅವಳೇ, ಮ್ಯಾನೇಜರಿಗೆ ಮೂರು ತಿಂಗಳು ಹೇಳಿ ಹೇಳಿ. ಗಂಡಸರು ಅವಳಿಗೆ 'ಟೀಚರಮ್ಮ' ಎಂದು ಹೆಸರಿಟ್ಟರು. ಆ ಇಪ್ಪತ್ತು ನಿಮಿಷಕ್ಕೆ 'ಬಾಣಂತನ' ಎಂದು ಹೆಸರಿಟ್ಟರು. ಇಡಲಿ ಬಿಡಿ, ಎರಡು ವರ್ಷದಲ್ಲಿ ಗಾಡಿ ಒಂದು ದಿನವೂ ಮಲಗಲಿಲ್ಲ.

ಈ ಸಲದ ಆಯುಧಪೂಜೆಯ ಹಿಂದಿನ ದಿನ ಸೌಮ್ಯ ಹೊರಗಾದಳು. ಅತ್ತೆ ನಿಂಗಮ್ಮ, 'ಹಬ್ಬುದ್ ದಿನ ಮನೇಲೇ ಇದ್ಬುಡವ್ವ' ಎಂದಳು. 'ಎಂಟು ಗಂಟೆ ಒಳ್ಗೆ ಲಾನ್ ಆಗ್ಬೇಕತ್ತೆ, ಗೆಸ್ಟ್‌ಗಳು ಪೂಜೆ ನೋಡಕ್ಕೆ ಬತ್ತಾರೆ' ಎಂದು ಸೌಮ್ಯ ಮರುದಿನ ಬೆಳಗಾಗುತ್ತಲೇ ಹೊರಟಳು. ಮನೆಯ ದೇವರ ಕೋಣೆಗೆ ಅವಳು ಹೋಗಲಿಲ್ಲ, ಅಷ್ಟು ಶಾಸ್ತ್ರ ಅವಳೂ ಬಿಟ್ಟವಳಲ್ಲ. ಆದರೆ ಗಾಡಿ ದೇವರ ಕೋಣೆಯೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಎರಡು ಗಂಟೆ ಓಡಿದ ಗಾಡಿಯನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಇಂಜಿನ್ ಕೈ ಇಡಲಾರದಷ್ಟು ಕಾದಿತ್ತು. ಸೂಪರ್‌ವೈಸರ್ ನಾಗರಾಜು ಪಂಚೆ ಉಟ್ಟು, ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದ. ಅವಳದೇ ಊರಿನವನು, ಗಂಡನ ಕಡೆಯಿಂದ ದೂರದ ನೆಂಟ.

'ಟ್ಯಾಂಕು ತುಂಬ್ಸಿ ಒಳಕ್ಕೆ ತಳ್ರಪ್ಪ. ಬರೀ ಹೊಟ್ಟೇಲಿ ನಿಲ್ಸಿ ಪೂಜೆ ಮಾಡ್ಬಾರ್ದು' ಎಂದ.

'ಕಾದದೆ ಅಣ್ಣ. ಅರ್ಧ ಗಂಟೆ ಬುಡಿ, ಬಯಲಲ್ಲೇ ನಾನೇ ಹಾಕ್ತೀನಿ.'

'ಅರ್ಧ ಗಂಟೆಗೆ ರಾಹುಕಾಲ ಬತ್ತದೆ. ನೀನು ಅಡ್ಗೆಮನೆಗೋಗಿ ಬೂದ್ಗುಂಬ್ಳ ತಕ್ಕೊಂಡ್ ಬಾ.'

ಕುಂಬಳಕಾಯಿ ತರಲು ಯಾರಾದರೂ ಹೋಗಬಹುದಿತ್ತು. ಅವಳನ್ನೇ ಕಳಿಸಿದ. ಅವಳು ಹೋದಳು, ಅದೊಂದಕ್ಕೆ ತನ್ನನ್ನು ತಾನು ಆಮೇಲೂ ಕ್ಷಮಿಸಲಿಲ್ಲ. ಹೊತ್ತು ತರುವಷ್ಟರಲ್ಲಿ ಗಾಡಿ ಶೆಡ್ಡಿನೊಳಗಿತ್ತು, ಟ್ಯಾಂಕು ಕಂಠಮಟ್ಟ ತುಂಬಿತ್ತು. ಬಣ್ಣ ಹೊಳೆಯಲಿ ಎಂದು ಮಹೇಶ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಇಡೀ ಗಾಡಿ ಒರೆಸಿ, ಆ ಬಟ್ಟೆಯನ್ನು ಅದರಡಿಗೇ ಎಸೆದಿದ್ದ. ಮುಚ್ಚಳದ ಅಂಚಿನಿಂದ ಪೆಟ್ರೋಲು ಸಣ್ಣಗೆ ಇಳಿಯುತ್ತಿತ್ತು. ಮೇಲೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಸುತ್ತ ಮೊಬೈಲ್ ಹಿಡಿದ ಗೆಸ್ಟ್‌ಗಳು.

'ಅಣ್ಣ, ಕರ್ಪೂರ ಬ್ಯಾಡ. ವಾಸ್ನೆ ನೋಡಿ ಹೆಂಗದೆ. ಹೂವ ಹಾಕಿ ಕೈ ಮುಗುದ್ರೆ ಸಾಲ್ದಾ?' ಎಂದಳು ಸೌಮ್ಯ.

'ದೇವ್ರ ಕೆಲ್ಸುಕ್ಕೆ ಅಡ್ಡ ಮಾತಾಡ್ಬ್ಯಾಡ' ಎಂದ ನಾಗರಾಜು. ಗೆಸ್ಟ್‌ಗಳ ಮುಂದೆ ಹೆಂಗಸೊಬ್ಬಳು ತನಗೆ ಬುದ್ಧಿ ಹೇಳಿದ್ದು ಅವನಿಗೆ ಕರ್ಪೂರಕ್ಕಿಂತ ಮೊದಲೇ ಉರಿ ಹತ್ತಿಸಿತ್ತು.

ಸೌಮ್ಯ ಗೆಸ್ಟ್‌ಗಳನ್ನು 'ಹಿಂದೆ ಹೋಗಿ ಸಾರ್, ಹಿಂದೆ ಹೋಗಿ' ಎಂದು ಬಾಗಿಲಿನಾಚೆ ದಬ್ಬಿದಳು. ನಾಗರಾಜು ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಗಾಡಿಗೆ ನಿವಾಳಿಸಿದ. ಎರಡನೆಯ ಸುತ್ತಿಗೆ ಒಂದು ಬಿಲ್ಲೆ ಜಾರಿ ಕೆಳಗೆ ಬಿತ್ತು. ಪೆಟ್ರೋಲಿನ ಆವಿ ಮೇಲೇಳುವುದಿಲ್ಲ, ನೆಲಕ್ಕಿಳಿದು ಹರಿಯುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದು ನಿಜವಾಯಿತು. ನೆಲವೇ ಹತ್ತಿಕೊಂಡಿತು. ಮಹೇಶ ಬಕೆಟ್ ನೀರು ಎರಚಿದ, ಬೆಂಕಿ ನೀರಿನ ಮೇಲೆ ಏರಿ ಬಾಗಿಲ ತನಕ ಬಂತು. ಸೌಮ್ಯ ಗೋಡೆಯ ಸಿಲಿಂಡರ್ ಕಿತ್ತು, ಪಿನ್ನು ಎಳೆದು, ಬೆಂಕಿಯ ಬುಡಕ್ಕೆ ಪುಡಿ ಹೊಡೆದಳು. ನಾಗರಾಜುವಿನ ಪಂಚೆಯ ಅಂಚು ಹೋಯಿತು, ಒಂದು ಕೈಯಲ್ಲಿ ಬೊಬ್ಬೆ ಎದ್ದಿತು. ಮಹೇಶನ ಹುಬ್ಬು ಹೋಯಿತು. ಜೀವ ಯಾರದೂ ಹೋಗಲಿಲ್ಲ. ಗಾಡಿಯ ಸೀಟು ಮಾತ್ರ ಸ್ಪ್ರಿಂಗು ಉಳಿಸಿಕೊಂಡು ಪೂರ್ತಿ ಸುಟ್ಟಿತ್ತು.

ಆ ಹೊತ್ತಿಗೆ ಎಲ್ಲರೂ, 'ನೀನಿಲ್ದಿದ್ರೆ ಗತಿ ಏನಾಯ್ತಿತ್ತವ್ವ' ಎಂದರು. ಆ ಮಾತಿನ ಆಯುಸ್ಸು ಒಂದು ಸಂಜೆ.

ಮರುದಿನ ಕಳೆ ಕೀಳುವ ಹೆಂಗಸರು ಅವಳ ಮುಖ ನೋಡದೆ ಮಾತಾಡಿದರು. ಅವರಲ್ಲೊಬ್ಬಳು, ಸೋಮಿ, ಕೊನೆಗೆ ತಡೆಯಲಾರದೆ ಹೇಳಿದಳು: 'ನೀವು ಹೊರ್ಗಾಗಿ ಗಾಡಿ ಮೇಲೆ ಕೂತಿದ್ರಂತೆ ಅಕ್ಕ. ಅದುಕ್ಕೇ ದೇವ್ರು ಬೆಂಕಿ ತೋರುಸ್ದ ಅಂತ ನಾಗರಾಜಣ್ಣ ಹೇಳ್ತಾವ್ರೆ.'

ಇದು ಗೊತ್ತಿದ್ದವಳು ಲೋಕದಲ್ಲಿ ಒಬ್ಬಳೇ. ಸೌಮ್ಯ ಮನೆಗೆ ಬಂದು ಅತ್ತೆಯ ಮುಂದೆ ನಿಂತಳು. ನಿಂಗಮ್ಮ ಕೇಳುವ ಮೊದಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

'ಬೇಕು ಅಂತ ಹೇಳ್ಲಿಲ್ಲ ಕಣವ್ವ. ನಲ್ಲಿತಾವ ನಾಗರಾಜನ ಹೆಂಡ್ತಿ ಬೆಂಕಿ ವಿಷ್ಯ ತೆಗುದ್ಲು. ಎದೆ ಝಲ್ಲಂತು. ಅಯ್ಯೋ, ಇವ್ಳು ಹೊರ್ಗಾಗಿದ್ಲಲ್ಲ ಅಂದ್ಬುಟ್ಟೆ. ನಿನ್ ಜೀವುಕ್ಕೇನಾರ ಆಗಿದ್ರೆ ಅಂತ ಹೆದ್ರುಕೊಂಡು ಬಂದ್ ಮಾತದು.'

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ಸೌಮ್ಯ ಅವಳನ್ನು ಬೈಯಲಿಲ್ಲ. ಲಾರಿಯ ಮೇಲೆ ದೂರ ಹೋಗಿದ್ದ ಗಂಡ ನಂದೀಶ್ ಫೋನಿನಲ್ಲಿ, 'ತಪ್ಪಾಯ್ತು ಅಂದ್ಬುಡು, ಅಲ್ಲಿಗೆ ಮುಗುದೋಯ್ತದೆ' ಎಂದ. ಯಾವ ತಪ್ಪು ಎಂದು ಅವನೂ ಕೇಳಲಿಲ್ಲ.

ವಿಜಯದಶಮಿ ಕಳೆದ ಮೇಲೆ ಮ್ಯಾನೇಜರ್ ಎಲ್ಲರನ್ನೂ ಸೇರಿಸಿದ. ಇನ್ಶೂರೆನ್ಸಿನವರ ಕಾಗದದಲ್ಲಿ ಆಗಲೇ ವೈರಿಂಗ್ ಶಾರ್ಟ್ ಆಗಿ ಬೆಂಕಿ ಎಂದು ಬರೆದಾಗಿತ್ತು. ಪೂಜೆಯ ಸುದ್ದಿ ಅದರಲ್ಲಿ ಇರಲಿಲ್ಲ. ಹೀಗೆ ಕಾಗದಕ್ಕೆ ವೈರು ಸಿಕ್ಕಿತ್ತು, ದೇವರಿಗೆ ಸೌಮ್ಯ ಸಿಕ್ಕಿದ್ದಳು, ಪೆಟ್ರೋಲಿನ ಹೆಸರೆತ್ತುವ ಅಗತ್ಯ ಯಾರಿಗೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

'ನೋಡು ಸೌಮ್ಯ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ' ಎಂದ ಮ್ಯಾನೇಜರ್. ಓದಿದವನು, ಮೈಸೂರಿನವನು. 'ಆದರೆ ಸ್ಟಾಫ್ ಸೆಂಟಿಮೆಂಟ್ ನೋಡಬೇಕಲ್ಲ. ಅವತ್ತು ನೀನು... ಅವರು ಹೇಳ್ತಿರೋದು ಹೌದಾ?'

ಇಪ್ಪತ್ತು ಗಂಡಸರು ಅವಳನ್ನು ನೋಡುತ್ತಿದ್ದರು. ಸೌಮ್ಯಳಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು.

'ಹೌದು ಸಾರ್, ಹೊರ್ಗಾಗಿದ್ದೆ. ಎರಡು ವರ್ಷದಲ್ಲಿ ಇಪ್ಪತ್ನಾಕು ಸಲ ಹೊರ್ಗಾಗಿ ಅದೇ ಸೀಟಲ್ಲಿ ಕೂತಿದೀನಿ. ಒಂದ್ ಸಲಾನೂ ಬೆಂಕಿ ಹತ್ಲಿಲ್ಲ. ನಾಗರಾಜಣ್ಣ ಪೆಟ್ರೋಲ್ ಹಾಕ್ಸಿದ್ದು ಒಂದೇ ಸಲ.'

ಇಷ್ಟು ನೇರ ಹೇಳಿದ ಮೇಲೆ ಯಾರಾದರೂ ಒಬ್ಬರು ತಲೆ ಆಡಿಸುತ್ತಾರೆ ಎಂದು ಅವಳು ಕಾದಳು. ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು: 'ಇಪ್ಪತ್ನಾಕು ಸಲವಾ, ರಾಮ ರಾಮ.' ಒಪ್ಪಿಕೊಂಡಳಲ್ಲ ಎಂದ ಇನ್ನೊಬ್ಬ. ನಾಗರಾಜು ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಆ ವಾರ ಇಡೀ ಶೆಡ್ಡನ್ನು ಸಗಣಿ, ಗೋಮೂತ್ರ ಹಾಕಿ ಶುದ್ಧ ಮಾಡಿದರು. ಸೌಮ್ಯಳನ್ನು ಕಳೆ ಕೀಳುವ ಸಾಲಿಗೆ ಕಳಿಸಿದರು.

ಹೊಸ ಗಾಡಿ ಮುಂದಿನ ತಿಂಗಳು ಬಂತು. ಕೀ ಮಹೇಶನಿಗೆ. ಈ ಸಲ ಕಂಪನಿ ಯಾವ ಮೆಕ್ಯಾನಿಕ್ಕನ್ನೂ ಕಳಿಸಲಿಲ್ಲ, ಹಳೆಯದರ ಹಾಗೆಯೇ ಎಂದುಬಿಟ್ಟಿತು. ಮ್ಯಾನೇಜರ್ ಕಳೆಯ ಸಾಲಿನ ಹತ್ತಿರ ಬಂದು, 'ಸೌಮ್ಯ, ಒಂದು ದಿನ ಅವನಿಗೆ ಎಲ್ಲ ಹೇಳಿಕೊಡು, ಪೆಟ್ರೋಲು, ಆಯಿಲು, ಬ್ಲೇಡು ಎಲ್ಲ' ಎಂದ. ಅವಳಿಗೆ ಮ್ಯಾನೇಜರನ ಬೂಟು ಮಾತ್ರ ಕಾಣುತ್ತಿತ್ತು. ಕತ್ತೆತ್ತಿ ನೋಡಲು ಬೆನ್ನು ಒಪ್ಪಲಿಲ್ಲ.

ಆದರೂ ಎದ್ದಳು. ಹೇಳಿಕೊಡಬಾರದು ಎಂದು ಹೊರಟವಳಲ್ಲ. ಶೆಡ್ಡಿನ ಪಕ್ಕದಲ್ಲೇ ಆರು ಹೆಂಗಸರು ದಿನವಿಡೀ ಕೂತಿರುತ್ತಾರೆ, ಅವರಿಗೋಸ್ಕರವಾದರೂ ಹೇಳಬೇಕು ಎಂದೇ ದಾರಿಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇಂಜಿನ್ ಆರುವ ವಿಷಯ ಮೊದಲು, ಆಮೇಲೆ ಎರಡು ಬೆರಳಿನದು, ಆಮೇಲೆ ಒಣ ಹುಲ್ಲಿನದು.

ಗಾಡಿಗೆ ಇನ್ನು ಮೂರು ಹೆಜ್ಜೆ ಇರುವಾಗ ಮಹೇಶ ಅಡ್ಡ ಬಂದ. ಹುಬ್ಬು ಇನ್ನೂ ಪೂರ್ತಿ ಬಂದಿರಲಿಲ್ಲ. ಮಾತಿನಲ್ಲಿ ಗೇಲಿ ಇರಲಿಲ್ಲ, ಮರ್ಯಾದೆಯೇ ಇತ್ತು.

'ಅಕ್ಕ, ತಪ್ಪು ತಿಳ್ಕೋಬ್ಯಾಡಿ. ಹೊಸ ಗಾಡಿ. ಇವತ್ತು ನೀವು ಹೊರ್ಗಾಗಿಲ್ಲ ತಾನೆ?'

ಸೌಮ್ಯ ಅವನನ್ನು ನೋಡಿದಳು, ಹಿಂದೆ ನಿಂತಿದ್ದ ನಾಗರಾಜುವನ್ನು ನೋಡಿದಳು. ಅವಳ ತಲೆಯಲ್ಲಿ ಜೋಡಿಸಿಕೊಂಡಿದ್ದ ಪಾಠ ಅಲ್ಲೇ ನಿಂತುಹೋಯಿತು. ಅವಳು ಹೊರಗಾಗಿರಲಿಲ್ಲ, ಅದಕ್ಕಿನ್ನೂ ಹತ್ತು ದಿನವಿತ್ತು.

'ಆಗಿದೀನಿ' ಎಂದಳು.

'ಹಂಗಾರೆ ಬ್ಯಾಡ ಬುಡಿ ಅಕ್ಕ' ಎಂದು ಮಹೇಶ ಎರಡು ಹೆಜ್ಜೆ ಹಿಂದೆ ಸರಿದ. ನಾಗರಾಜು ಒಪ್ಪಿಗೆಯಿಂದ ತಲೆ ಆಡಿಸಿದ. ಎರಡು ವರ್ಷದಲ್ಲಿ ಅವಳು ಹೇಳಿದ ನೂರು ಮಾತಿನಲ್ಲಿ ಆ ಗಂಡಸರು ಎದುರಾಡದೆ ನಂಬಿದ್ದು ಇದೊಂದನ್ನೇ, ಅದೂ ಸುಳ್ಳು. ಸೌಮ್ಯ ವಾಪಸ್ಸು ಹೋಗಿ ಹೆಂಗಸರನ್ನು ಎಬ್ಬಿಸಿ, ಶೆಡ್ಡಿನಿಂದ ದೂರ, ಹೊಳೆಯ ಕಡೆಯ ಸಾಲಿಗೆ ಕರೆದುಕೊಂಡು ಹೋಗಿ ಕಳೆ ಕೀಳಲು ಕೂತಳು.