ಗಂಜಿ ಹಾಕಿದ ಹಳದಿ ಫ್ರಾಕು

“ಇಷ್ಟು ಚೊಕ್ಕಟವಾಗಿ ಬಂದ್ರೆ ಯಾವ ಪುಣ್ಯಾತ್ಮ ದುಡ್ಡು ಕೊಡ್ತಾನೆ ಹೇಳು? ಇದೇನು ಮದುವೆ ಮನೇನಾ?”

ಜಿಲ್ಲೆಯ ಶಾಲೆಗಳ ಸೂಪರಿಂಟೆಂಡೆಂಟ್ ಟ್ರಸ್‌ಡೆಲ್ ಹುಡುಗಿಯ ಫ್ರಾಕಿನ ಅಂಚನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿ ಬಿಟ್ಟ. ಎಂಟು ವರ್ಷದ ಕಿಯೋನಾ ಅಲುಗಾಡದೆ ನಿಂತಿದ್ದಳು. ಅದು ಈಸ್ಟರ್ ಹಬ್ಬಕ್ಕೆ ಹೊಲಿದ ಹಳದಿ ಫ್ರಾಕು. ಒಗೆದು, ಗಂಜಿ ಹಾಕಿ, ಗೀರೆಳೆದ ಹಾಗೆ ಇಸ್ತ್ರಿ ಮಾಡಿತ್ತು. ತಲೆ ತುಂಬ ಸಣ್ಣ ಸಣ್ಣ ಜಡೆ, ಒಂದೊಂದರ ತುದಿಗೂ ಬಿಳಿ ಮಣಿ. ಶಾಲೆಗೆ ದೊಡ್ಡವರು ಬರುತ್ತಾರೆ, ನಿನ್ನ ಮಗಳನ್ನು ಮಾತಾಡಿಸುತ್ತಾರೆ ಎಂದು ಹೇಳಿ ಕಳಿಸಿದರೆ ಡೆಲ್ಟಾದ ಹತ್ತಿ ಸೀಮೆಯ ಯಾವ ಕಪ್ಪು ತಾಯಿಯಾದರೂ ಇನ್ನೇನು ಮಾಡುತ್ತಾಳೆ?

“ನಾನು ಹೇಳೋದು ಮರೆತೆ ಸರ್” ಎಂದಳು ಹುಡುಗಿಯ ಚಿಕ್ಕಮ್ಮ ವರ್ನೀಸ್. ಮರೆತಿರಲಿಲ್ಲ. ಕೊಳಕು ಬಟ್ಟೆಯಲ್ಲಿ ಕಳಿಸು ಎಂದು ಸ್ವಂತ ಅಕ್ಕನಿಗೆ ಹೇಳಲು ಬಾಯಿ ಬಂದಿರಲಿಲ್ಲ.

“ಒಂದು ಗಂಟೇಲಿ ದುಡ್ಡು ಕೊಡೋರು ಬರ್ತಾರೆ. ನೀನು ಬರೆದದ್ದು ಒಂದು, ಇಲ್ಲಿ ನಿಂತಿರೋದು ಇನ್ನೊಂದು. ಅನುದಾನ ನಿಂತ್ರೆ ಮೊದಲು ನಿಲ್ಲೋದು ನಿನ್ನ ಸಂಬಳ. ಹಳೇ ಬಟ್ಟೆ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಏನಾದರೂ ನೋಡು.”

ಆತ ಹೊರಟುಹೋದ. ಆತನ ಮೊಮ್ಮಕ್ಕಳು ಓದುವುದು ಹೆದ್ದಾರಿಯ ಆಚೆಗಿನ ಬಿಳಿಯರ ಖಾಸಗಿ ಶಾಲೆಯಲ್ಲಿ.

ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಅನುದಾನ ಬರೆದು ತರುವುದು ವರ್ನೀಸಳ ಕೆಲಸ. ಊರಿನವರು ಅವಳಿಗೆ ಇಟ್ಟ ಹೆಸರು ‘ಭಿಕ್ಷೆ ಬರೆಯೋಳು’. ಮೊದಮೊದಲು ಅವಳೂ ನಕ್ಕಿದ್ದಳು. ಛಾವಣಿ ಸೋರುತ್ತದೆ ಎಂದು ಬರೆದಳು, ಕೊಡಲಿಲ್ಲ. ವಿಜ್ಞಾನ ಕಲಿಸಲು ಮೇಷ್ಟ್ರಿಲ್ಲ ಎಂದು ಬರೆದಳು, ಕೊಡಲಿಲ್ಲ. ಕೊಡುವವರಿಗೆ ಬೇಕಾದದ್ದು ಒಂದು ಮಗುವಿನ ಮುಖ ಎಂದು ಅವಳಿಗೆ ತಿಳಿಯಲು ತಡವಾಗಲಿಲ್ಲ.

ಹೋದ ಚಳಿಗಾಲದಲ್ಲಿ ಕೊಳವೆ ಒಡೆದು ಅಕ್ಕನ ಮನೆಗೆ ಕೆಲವು ವಾರ ನೀರಿರಲಿಲ್ಲ. ಒಗೆದ ಬಟ್ಟೆ ಇಲ್ಲವೆಂದು ಒಡೆಸ್ಸಾ ಮಗಳನ್ನು ಶಾಲೆಗೆ ಕಳಿಸಲಿಲ್ಲ. “ನನ್ ಮಗೀನ ಯಾರೂ ಮೂಗು ಮುಚ್ಕೊಂಡು ನೋಡ್ಬಾರ್ದು ಕಣಮ್ಮಿ” ಎಂದು ಅಡುಗೆಮನೆಯಲ್ಲಿ ತಂಗಿಯ ಮುಂದೆ ಕಣ್ಣೊರೆಸಿಕೊಂಡಿದ್ದಳು. ಆ ಕೆಲವು ವಾರವನ್ನು ವರ್ನೀಸ್ ವರ್ಷಪೂರ್ತಿ ಮಾಡಿ ಬರೆದಳು. ಈ ಮಗುವಿಗೆ ಇರುವುದೇ ಒಂದು ಜೊತೆ ಬಟ್ಟೆ, ನಾರುತ್ತಾಳೆಂದು ಯಾರೂ ಪಕ್ಕದಲ್ಲಿ ಕೂರುವುದಿಲ್ಲ ಎಂದಳು. ಹೆಸರು ಬರೆಯಲಿಲ್ಲ, ಆದರೆ ಟ್ರಸ್‌ಡೆಲ್ ಕೇಳಿದಾಗ ಯಾರೆಂದು ಹೇಳಿದಳು. ಉತ್ತರದ ದೊಡ್ಡ ಊರಿನ ದತ್ತಿ ಸಂಸ್ಥೆಯೊಂದರ ಮನಸ್ಸು ಕರಗಿಹೋಯಿತು. ಶಾಲೆಗೆ ಬಟ್ಟೆ ಒಗೆಯುವ ಯಂತ್ರ ಬಂತು. ಎಲ್ಲ ಶಾಲೆಗಳಿಗೂ ಕೊಡುವ ಮುಂಚೆ ಆ ಮಗುವನ್ನು ಕಣ್ಣಾರೆ ನೋಡಲು ಸಂಸ್ಥೆಯವರು ಇವತ್ತು ಬರುತ್ತಿದ್ದರು.

ಪೆಟ್ಟಿಗೆಯ ತಳದಲ್ಲಿ ಯಾರೋ ದೊಡ್ಡ ಹುಡುಗ ಬಿಟ್ಟುಹೋದ ಕಂದು ಜರ್ಸಿ ಸಿಕ್ಕಿತು. ಎದೆಯ ಮೇಲೆ ಹಾಲು ಒಣಗಿ ಕರೆಗಟ್ಟಿತ್ತು.

“ಇದನ್ನ ಹಾಕ್ಕೋ ಚಿನ್ನ. ಸ್ವಲ್ಪ ಹೊತ್ತು ಅಷ್ಟೆ.”

“ಫ್ರಾಕು ಬಿಚ್ಚಲ್ಲ ಚಿಕ್ಕಿ. ಅಮ್ಮ ನಿನ್ನೆಯಿಂದ ತಿದ್ದವ್ಳೆ.”

“ಬಿಚ್ಬೇಡ. ಮೇಲೆ ಹಾಕ್ಕೋ.”

ಫ್ರಾಕಿನ ಅಂಚನ್ನು ಮಡಿಸಿ ಒಳಗೆ ತುರುಕುವಾಗ ಗಂಜಿಯ ಬಟ್ಟೆ ಸರಸರ ಸದ್ದು ಮಾಡಿತು. ವರ್ನೀಸಳ ಮೈಮೇಲಿನ ಬೂದು ಉಣ್ಣೆಯ ಕೋಟೂ ಒಡೆಸ್ಸಾಳೇ ಇಸ್ತ್ರಿ ಮಾಡಿದ್ದು. ಅದಕ್ಕೆ ನೀರು ತಾಗಿಸುವ ಹಾಗಿಲ್ಲ. ಒದ್ದೆ ಬಟ್ಟೆ ಮೇಲೆ ಹಾಸಿ ಹಬೆಯಲ್ಲೇ ನೇರ್ಪು ಮಾಡಬೇಕು. ಮುಖ್ಯ ದಿನಗಳ ಹಿಂದಿನ ಸಂಜೆ ಒಡೆಸ್ಸಾ ಅದನ್ನು ಕೇಳಿ ತರಿಸಿಕೊಳ್ಳುತ್ತಿದ್ದಳು. ತಂಗಿ ಕಾಲೇಜಿಗೆ ಹೊರಟಾಗ ಅದನ್ನು ಕೊಡಿಸಿದವಳೂ ಅವಳೇ.

ಜರ್ಸಿಗೇ ಹೊಲಿದಿದ್ದ ಟೋಪಿ ಎಳೆದು ಮಣಿಗಳನ್ನು ಮುಚ್ಚಿದ್ದಾಯಿತು. ಕಿಯೋನಾ ತೋಳನ್ನು ಮೂಗಿಗೆ ಹಿಡಿದಳು.

“ಚಿಕ್ಕಿ, ನಾನು ನಾರ್ತೀನಾ?”

“ನೀನಲ್ಲ ಕಣೆ. ಜರ್ಸಿ.”

“ಮತ್ತೆ ಯಾಕೆ ಹಾಕ್ದೆ?”

ನೆಲ ಬಿರಿದು ನುಂಗಬಾರದೇ ಎನಿಸಿತು ವರ್ನೀಸಳಿಗೆ. ಮಗುವಿನ ಕೈ ಹಿಡಿದುಕೊಂಡು ಹೊರಟಳು.

ಹಳೆಯ ಉಗ್ರಾಣದ ಕೋಣೆಯಲ್ಲಿ ಯಂತ್ರ ಇಟ್ಟಿದ್ದರು. ಮುಂಭಾಗಕ್ಕೆ ದುಂಡಗಿನ ಗಾಜಿನ ಬಾಗಿಲು. ಬಂದವರು ಇಬ್ಬರು, ಮಿಸೆಸ್ ಆಲ್‌ಡ್ರಿಚ್ ಮತ್ತು ಕ್ಯಾಮೆರಾ ಹಿಡಿದ ಒಬ್ಬ ಯುವಕ. ಕೆಟ್ಟ ಹೆಂಗಸಲ್ಲ ಆಕೆ. ಬಂದವಳೇ ಮಂಡಿಯೂರಿ ಕೂತು ಕಿಯೋನಾಳ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ಆಗಲೇ ನೀರು ಸಿದ್ಧವಿತ್ತು.

“ನಿನ್ನ ಕಥೆ ಓದಿ ನಾವೆಲ್ಲ ಎಷ್ಟು ಅತ್ತಿದ್ದೀವಿ ಗೊತ್ತಾ ಪುಟ್ಟಿ? ನಿನ್ನ ಪಕ್ಕ ಯಾರೂ ಕೂರ್ತಿರಲಿಲ್ವಂತೆ. ನಿಜಾನಾ?”

ಕಿಯೋನಾ ಚಿಕ್ಕಮ್ಮನ ಮುಖ ನೋಡಿದಳು. ಶಾಲೆಯಲ್ಲಿ ಅವಳ ಪಕ್ಕ ಕೂರಲು ಮಕ್ಕಳು ಜಗಳವಾಡುತ್ತಿದ್ದರು. ವರ್ನೀಸ್ ನೆಲ ನೋಡಿದಳು.

“ಹೇಳಮ್ಮ, ನಾಚಿಕೆ ಬೇಡ” ಎಂದ ಟ್ರಸ್‌ಡೆಲ್.

“ಹೂಂ” ಎಂದಿತು ಮಗು.

“ಅಯ್ಯೋ ಕಂದಾ.”

ಕ್ಯಾಮೆರಾದವನು ಒಂದು ಹೆಜ್ಜೆ ಹಿಂದೆ ಸರಿದ. “ಆ ಜರ್ಸಿ ಬಿಚ್ಚಿ ಮೆಷಿನ್ನಿಗೆ ಹಾಕೋ ಹಾಗೆ ಒಂದು ಫೋಟೊ ತೆಗೀತೀನಿ.”

ವರ್ನೀಸ್ ಮುಂದೆ ಬರುವ ಮೊದಲೇ ಮಗು ಹೇಳಿದಂತೆ ಮಾಡಿತು. ಜರ್ಸಿ ಮೇಲೆ ಹೋಯಿತು, ಮಣಿಗಳು ಕಟಕಟನೆ ಕೆಳಗೆ ಬಿದ್ದವು, ಮಡಿಸಿದ್ದ ಫ್ರಾಕು ತಾನೇ ತಾನಾಗಿ ಬಿಚ್ಚಿಕೊಂಡು ನಿಂತಿತು. ಆ ಮಂಕು ಕೋಣೆಗೆ ಆ ಹಳದಿ ಬಹಳವಾಗಿತ್ತು.

“ಎಷ್ಟು ಚಂದದ ಫ್ರಾಕು” ಎಂದಳು ಮಿಸೆಸ್ ಆಲ್‌ಡ್ರಿಚ್, ದನಿಯಲ್ಲಿ ಗೊಂದಲ. “ಆದರೆ ಇವಳಿಗೆ ಬಟ್ಟೆನೇ ಇಲ್ಲ ಅಂತ...”

“ಯಾರೋ ದಾನ ಕೊಟ್ಟದ್ದು ಮೇಡಂ” ಎಂದ ಟ್ರಸ್‌ಡೆಲ್ ತಡವರಿಸದೆ. “ಇವಳ ತಾಯಿಗೆ ಇದೆಲ್ಲ ನೋಡಿಕೊಳ್ಳೋದು ಗೊತ್ತಾಗಲ್ಲ. ಆ ಜನವೇ ಹಾಗೆ.”

“ಯಾರ್ ಕೊಟ್ರು ಸಾರ್?”

ಬಾಗಿಲಲ್ಲಿ ಒಡೆಸ್ಸಾ ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಬಡಿಸುವ ಕೆಲಸ ಅವಳದು. ಅತಿಥಿಗಳಿಗೆಂದು ತಂದಿದ್ದ ಕರಿದ ಮೀನಿನ ತಟ್ಟೆ ಕೈಯಲ್ಲಿತ್ತು. ತಲೆಗೆ ಬಲೆ ಟೋಪಿ, ಸೊಂಟಕ್ಕೆ ಬಿಳಿ ಏಪ್ರನ್ನು, ಅದಕ್ಕೂ ಗಂಜಿ.

“ಯಾವ ಬೋಳಿಮಗ ದಾನ ಕೊಟ್ಟ ಅಂತ ಕೇಳ್ದೆ. ಆ ಬಟ್ಟೆ ತಂದೋಳು ನಾನು, ಹೊಲ್ದೋಳು ನಾನು.”

“ಒಡೆಸ್ಸಾ, ನಿನ್ನ ಕೆಲಸ ಅಡುಗೆಮನೇಲಿ” ಎಂದ ಟ್ರಸ್‌ಡೆಲ್. “ನಾಳೆಯೂ ಅಲ್ಲೇ ಇರಬೇಕು ಅಂದ್ರೆ ಬಾಯಿ ಮುಚ್ಕೊಂಡು ಹೋಗು.”

ಅವಳು ಹೋಗಲಿಲ್ಲ. ತಟ್ಟೆಯನ್ನು ಯಂತ್ರದ ಮೇಲಿಟ್ಟು, ಮಗಳ ಕೈಯಿಂದ ಜರ್ಸಿ ತೆಗೆದುಕೊಂಡು ಮೂಸಿದಳು.

“ಇದನ್ನ ನಿಂಗೆ ತೊಡ್ಸಿದ್ಯಾರು?”

“ಚಿಕ್ಕಿ.”

ಒಡೆಸ್ಸಾ ಆಮೇಲೆ ತಂಗಿಯ ಕಡೆ ತಿರುಗಿದಳು. ಬೈದಿದ್ದರೆ ವರ್ನೀಸ್ ತಾಳಿಕೊಳ್ಳುತ್ತಿದ್ದಳು. ಅಕ್ಕನ ದನಿ ಮೆತ್ತಗಿತ್ತು.

“ನೀರಿಲ್ದಾಗ ನಿನ್ ಮುಂದೆ ಅತ್ನಲ್ಲ, ಅದನ್ನ ಬರ್ದ್ಯಾ?”

“ಶಾಲೆಗೋಸ್ಕರ ಅಕ್ಕ. ಎಲ್ಲ ಮಕ್ಕಳಿಗೂ...”

“ಉಂಡ ಮನೆ ಜಂತೆ ಎಣಿಸೋರ್ನ ಕಂಡಿದ್ದೆ ಕಣಮ್ಮಿ. ಎಣಿಸಿ ಮಾರ್ಕೊಂಡೋಳ್ನ ಇವತ್ತೇ ನೋಡಿದ್ದು.” ಜರ್ಸಿಯನ್ನು ತಂಗಿಯ ಕಾಲ ಬಳಿ ಹಾಕಿದಳು. “ನನ್ ಮಗಳು ನಾರಲ್ಲ. ಈ ಕೋಣೇಲಿ ಏನು ನಾರ್ತದೆ ಅಂತ ನಿಂಗೊತ್ತು.”

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಅವಮಾನ ವರ್ನೀಸಳ ಕಿವಿ, ಕತ್ತು, ಬೆನ್ನೆಲ್ಲ ಸುಡುತ್ತಿತ್ತು. ಇನ್ನೊಂದು ಸುಳ್ಳು ಹೇಳಿದರೆ ಸಂಬಳ ಉಳಿಯುತ್ತಿತ್ತು, ಸುಳ್ಳು ನಾಲಗೆಯ ಮೇಲೆ ಸಿದ್ಧವೂ ಇತ್ತು. ಆ ಸಿದ್ಧತೆಗೇ ಅವಳಿಗೆ ಹೇಸಿಗೆಯಾಯಿತು.

ಅವಳು ಬೂದು ಕೋಟಿನ ಗುಂಡಿ ಬಿಚ್ಚಿದಳು. ತೋಳು ಕಳಚಿ, ಬಗ್ಗಿ ಯಂತ್ರದೊಳಗೆ ತುರುಕಿದಳು, ಸೋಪಿನ ಪುಡಿ ಸುರಿದಳು.

“ಈಗ ಫೋಟೊ ತೆಗೀರಿ” ಎಂದಳು ಕ್ಯಾಮೆರಾದವನಿಗೆ. “ನೀವು ಓದಿ ಅತ್ತ ಆ ಮಗು ಇಲ್ಲ ಮೇಡಂ. ಇವಳು ನನ್ನ ಅಕ್ಕನ ಮಗಳು. ಹೊಲಸು ಬರೆದವಳು ನಾನು, ಬೇಕು ಅಂದವರು ಇವರು, ಓದಿ ಖುಷಿಪಟ್ಟವರು ನೀವು.”

“ವರ್ನೀಸ್, ತೆಗಿ ಅದನ್ನ” ಎಂದ ಟ್ರಸ್‌ಡೆಲ್. ಅವಳು ಗುಂಡಿ ಒತ್ತಿದಳು. ಆತ ನುಗ್ಗಿ ಬಂದು ಬಾಗಿಲ ಹಿಡಿ ಎಳೆದ, ಮತ್ತೆ ಎಳೆದ. ಒಮ್ಮೆ ಶುರುವಾದರೆ ಮುಗಿಯುವ ತನಕ ಆ ಬಾಗಿಲು ತೆರೆಯುವುದಿಲ್ಲ.

ಒಡೆಸ್ಸಾ ಮಗಳ ಫ್ರಾಕಿನ ಸುಕ್ಕನ್ನು ಅಂಗೈಯಿಂದ ಒಂದು ಸಲ ಸವರಿ, ಅವಳನ್ನು ಕರೆದುಕೊಂಡು ಹೊರಟಳು.

“ಅಕ್ಕ” ಎಂದಳು ವರ್ನೀಸ್.

ಒಡೆಸ್ಸಾ ತಿರುಗಲಿಲ್ಲ. ಕಿಯೋನಾ ತಿರುಗಿದಳು. ಗಾಜಿನ ಹಿಂದೆ ಊರಿನ ಕೊಳವೆಗಳ ತುಕ್ಕು ಬೆರೆತ ಕೆಂಪು ನೀರು ಏರುತ್ತಿತ್ತು.

“ಅಮ್ಮ, ಆ ಕೋಟಿಗೆ ನೀರು ತಾಗಿಸ್ಬಾರ್ದು ಅಂದಿದ್ಯಲ್ಲ. ಹಾಳಾಯ್ತದೆ.”

“ಆಗ್ಲಿ” ಎಂದಳು ಒಡೆಸ್ಸಾ.