ಎಡಗಾಲಿನ ಲೆಡೆರರ್

ಹೊಸಬ ಬಂದ ದಿನವೇ ನನಗೆ ಅವನ ಮೇಲೆ ಗುಮಾನಿ ಹುಟ್ಟಿತು. ಜರ್ಮನರು ಯಹೂದಿಗಳಾದ ನಮ್ಮನ್ನೆಲ್ಲ ತಂದು ತುಂಬಿದ ತೆರೆಜಿನ್ ಘೆಟ್ಟೊದಲ್ಲಿ ಗುಮಾನಿ ಇಲ್ಲದವನು ಬಹಳ ದಿನ ಬಾಳುವುದಿಲ್ಲ. ನಾನು ಎರಡು ವರ್ಷ ಬಾಳಿದ್ದೆ. ಅಡುಗೆಯವರ ತಂಡಕ್ಕೆ ಗೋಲ್‌ಕೀಪರ್ ಆಗಿದ್ದೆ. ಅದರ ದೆಸೆಯಿಂದ ಅಡುಗೆಮನೆಯ ಕೆಲಸ ಸಿಕ್ಕಿತ್ತು, ಆ ಕೆಲಸದ ದೆಸೆಯಿಂದ ಪೂರ್ವಕ್ಕೆ ಹೋಗುವ ರೈಲಿನ ಪಟ್ಟಿಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಹೋದವರು ಹಿಂದಿರುಗದ ರೈಲು ಅದು.

"ಇವ್ರು ಬ್ರನೋದ ಲೆಡೆರರ್, ಸೆಂಟರ್ ಫಾರ್ವರ್ಡ್," ಎಂದ ಮುಖ್ಯ ಅಡುಗೆಯವ ರೋಬಿಚೆಕ್. "ಬುಧವಾರದ ಪಟ್ಟೀಲಿ ಹೆಸರಿದೆ. ನಾಳೆ ಐದು ಪೆನಾಲ್ಟಿ ಹೊಡೀಲಿ. ಮೂರು ಗೋಲಾದ್ರೆ ನಮ್ಮೋರು, ಹೆಸರು ತೆಗೆಸ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಆಗಲ್ಲ."

ಲೆಡೆರರ್ ನನಗೆ ಗೊತ್ತಿದ್ದ. ಯುದ್ಧಕ್ಕೆ ಮುಂಚೆ ಬ್ರನೋದಲ್ಲಿ ಅವನ ಎಡಗಾಲಿನ ಒಂದು ಹೊಡೆತ ನನ್ನ ಕಿರುಬೆರಳನ್ನು ಮುರಿದಿತ್ತು. ಅದು ಇವತ್ತಿಗೂ ಸೊಟ್ಟ. ಮುಖದಲ್ಲಿ ಹೋಲಿಕೆ ಇತ್ತು, ನಿಜ. ಹಸಿವು ಎಲ್ಲರ ಮುಖವನ್ನೂ ಒಂದೇ ಮಾಡಿಬಿಟ್ಟಿತ್ತು. ಆದರೆ ಇವನು ಅಂಗಳದಲ್ಲಿ ಚೆಂಡನ್ನು ಬಲಗಾಲಿನಿಂದ ತಟ್ಟುತ್ತಿದ್ದ. ಅದೂ ಸಾಲದೆಂಬಂತೆ ನನ್ನನ್ನೇ ಕೇಳಿದ: "ಆಲೂಗಡ್ಡೆ ಇಡೋ ನೆಲಮಾಳಿಗೆ ಬೀಗದ ಕೈ ಯಾರ ಹತ್ರ ಇರುತ್ತೆ?"

ಅಲ್ಲಿಂದ ನಾನು ದಿನಕ್ಕೆರಡು ಆಲೂಗಡ್ಡೆ ಕದ್ದು ಅಮ್ಮನಿಗೆ ಕೊಡುತ್ತಿದ್ದೆ. ಇವನು ಬೇಹುಗಾರನೇ ಇರಬೇಕು. ಒಳಗೆ ಬಿಟ್ಟರೆ ಅಮ್ಮನಿಗೂ ನನಗೂ ಅದೇ ರೈಲು.

ಮರುದಿನ ಬೆಳಿಗ್ಗೆ ಅವನನ್ನು ಗೋಡೆಯ ಮರೆಗೆ ಎಳೆದು ಸೊಟ್ಟ ಬೆರಳು ತೋರಿಸಿದೆ.

"ಇದನ್ನ ಮುರಿದೋನು ನೀನೇ ತಾನೆ? ಯಾವ ಕಾಲಲ್ಲಿ ಹೊಡ್ದೆ, ಹೇಳು ನೋಡೋಣ."

ಅವನ ಮುಖ ಬಿಳಿಚಿಕೊಂಡಿತು. "ಬಲ..."

"ಮುಚ್ಚು ಬಾಯಿ! ಯಾರು ಕಳಿಸಿದ್ರು ನಿನ್ನ?"

"ಯಾರೂ ಕಳಿಸಿಲ್ಲ ಅಣ್ಣ, ದಮ್ಮಯ್ಯ. ಆಟಗಾರ ಲೆಡೆರರ್ ನನ್ನ ಒಡಹುಟ್ಟಿದೋನು. ಜನವರಿ ರೈಲಲ್ಲಿ ಹೋದ. ನಾನು ಎರಿಕ್, ಬರೀ ದರ್ಜಿ. ಆ ಲೆಡೆರರ್ ನೀನೇನಾ ಅಂತ ರೋಬಿಚೆಕ್ ಅವ್ರೇ ಕೇಳಿದ್ರು. ಹೂಂ ಅಂದ್ಬಿಟ್ಟೆ."

"ಮತ್ತೆ ಬೀಗದ ಕೈ ವಿಚಾರ ಯಾಕೆ ನಿಂಗೆ?"

ಅವನು ಪೆದ್ದನನ್ನು ನೋಡುವಂತೆ ನನ್ನನ್ನು ನೋಡಿದ. "ಹಸಿವಾಗಿತ್ತು."

ನನಗೆ ನಾಚಿಕೆಯಾಯಿತು. ಆದರೂ ನಂಬಿಕೆ ಪೂರ್ತಿ ಬರಲಿಲ್ಲ. ಸುಳ್ಳುಗಾರ ಇನ್ನೊಂದು ಸುಳ್ಳು ಹೇಳಲಾರನೇ?

ಮೊದಲ ಪೆನಾಲ್ಟಿ ಕಂಬದಾಚೆ ಹಾರಿಹೋಯಿತು. ಎರಡನೆಯದು ನೆಟ್ಟಗೆ ನನ್ನ ಎದೆಗೇ ಬಂತು, ಹಿಡಿಯದೆ ವಿಧಿಯಿರಲಿಲ್ಲ. ಉಳಿದದ್ದು ಮೂರು, ಬೇಕಾದದ್ದೂ ಮೂರು. ಎರಿಕ್‌ನ ಮೊಣಕಾಲು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಬೇಹುಗಾರರ ಕಾಲು ಹಾಗೆ ನಡುಗುವುದಿಲ್ಲ ಎಂದುಕೊಂಡೆ. ಚೆಂಡು ಎಡಕ್ಕೆ ಬಂದಾಗ ಬಲಕ್ಕೆ ಬಿದ್ದೆ, ಬಲಕ್ಕೆ ಬಂದಾಗ ಎಡಕ್ಕೆ. ಕೊನೆಯದು ತೆವಳಿಕೊಂಡು ಬಂತು. ಅದಕ್ಕೂ ಅಡ್ಡ ಬರಲಿಲ್ಲ.

ರೋಬಿಚೆಕ್ ಹತ್ತಿರ ಬಂದ. "ಮೂರು ಸಲ ಏಮಾರೋ ಆಸಾಮಿ ಅಲ್ಲವಲ್ಲ ನೀನು?"

"ಹಳೇ ಬೆರಳು ಸ್ವಾಮಿ, ನೋಯ್ತಾ ಇದೆ."

ಅವನು ನನ್ನ ಸೊಟ್ಟ ಬೆರಳನ್ನೊಮ್ಮೆ ನೋಡಿದ. ಆಮೇಲೆ ಅಡುಗೆಮನೆಯ ಏಪ್ರನ್ ಒಂದನ್ನು ಎರಿಕ್‌ನತ್ತ ಎಸೆದ.

ಬುಧವಾರ ರೈಲು ಹೊರಟಿತು. ಜರ್ಮನರು ಕೇಳಿದ್ದು ಸಾವಿರ ಜನ, ಹೋದದ್ದೂ ಸಾವಿರ. ಒಂದು ಹೆಸರು ತೆಗೆದರೆ ಅದರ ಜಾಗಕ್ಕೆ ಇನ್ನೊಂದು ಬರೆಯುತ್ತಾರೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಎರಿಕ್ ತಲೆ ತಗ್ಗಿಸಿ ಸಾರು ಕಲಕುತ್ತಿದ್ದ. ಯಾರ ಹೆಸರು ಬರೆದರೆಂದು ಅವನು ರೋಬಿಚೆಕ್‌ನನ್ನು ಕೇಳಲಿಲ್ಲ. ಕಂಡಕಂಡವರ ಮೇಲೆಲ್ಲ ಗುಮಾನಿಪಡುವ ನಾನೂ ಕೇಳಲಿಲ್ಲ.